ಮೊದಲ ಮನುಷ್ಯನ ಹೊಕ್ಕುಳು

ಪೈನಿ ಗ್ಯಾಪ್, ಅರ್ಕನ್ಸಾ
2 ಮಾರ್ಚ್ 1981

ಹೋಯ್ಟ್,

ಅಮ್ಮನ ಮಣ್ಣಾಗಿ ಒಂದೂವರೆ ವರ್ಷವಾಯಿತು. ಆಮೇಲೆ ನಿನಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಅಷ್ಟಕ್ಕೇ ಅಕ್ಕ ರಾಜಿಗೆ ಬಂದಳು ಎಂದುಕೊಳ್ಳಬೇಡ. ಅಪ್ಪ ಬರೆ ಅಂದ, ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದದಲ್ಲಿ ಆ ಸೌಕರ್ಯ ನಿನಗಿಲ್ಲ.

ಅಪ್ಪ ಮತ್ತೆ ಸಿಮೆಂಟು ಕಲಸಲು ಶುರುಮಾಡಿದ್ದಾನೆ. ಎಂಬತ್ಮೂರು ವರ್ಷ, ಎದೆಯೊಳಗೆ ಡಾಕ್ಟರಿಗೆ ಹಿಡಿಸದ ಒಂದು ಸದ್ದು, ಆದರೂ "ಇದೊಂದು ಕೊನೇದು ಕಣೇ" ಅನ್ನುತ್ತಾನೆ. ಜೀವಮಾನವಿಡೀ ಊರಿನವರಿಗೆ ಕಕ್ಕಸಿನ ತೊಟ್ಟಿ, ಗೋರಿಯೊಳಗೆ ಶವಪೆಟ್ಟಿಗೆ ಇಳಿಸುವ ತೊಟ್ಟಿ ಎರಡನ್ನೂ ಎರಕ ಹೊಯ್ದುಕೊಟ್ಟ ಮನುಷ್ಯ, ಉಳಿದ ಸಿಮೆಂಟಿನಲ್ಲಿ ಹೆದ್ದಾರಿ ಪಕ್ಕ ಡೈನೊಸಾರ್ ತೋಟ ಎಬ್ಬಿಸಿದ್ದು ಸಾಲದೆಂದು ಕಾಣುತ್ತದೆ. ಮೀನಾಯಿತು, ಹಲ್ಲಿಯಾಯಿತು, ಡೈನೊಸಾರ್‌ಗಳಾದವು, ಮೈತುಂಬ ರೋಮವಿದ್ದ ಹಿಮಯುಗದ ಆನೆಯಾಯಿತು. ಸಾಲಿನ ತುದಿಯಲ್ಲಿ ಜಾಗ ಖಾಲಿ ಇದೆಯಂತೆ. ಅಲ್ಲಿಗೆ "ಬುದ್ಧಿ ಇರೋ ಮೊದಲನೇ ಜೀವಿ" ಬೇಕಂತೆ. ಆ ಜಾಗದ ಸುತ್ತ ಹಲಗೆಯ ಶೆಡ್ಡು ಕಟ್ಟಿಕೊಂಡು, ಒಳಗಿನಿಂದ ಚಿಲಕ ಹಾಕಿಕೊಂಡು ಕೆಲಸ ಮಾಡುತ್ತಾನೆ. ಸಂದಿಯಲ್ಲಿ ಇಣುಕಿದೆ. ಎತ್ತರಕ್ಕೆ ಏನೋ ನಿಂತಿದೆ. ಸಿಮೆಂಟು ಸೀಳಬಾರದೆಂದು ಮೇಲೂ ಕೆಳಗೂ ಒದ್ದೆ ಗೋಣಿ ಸುತ್ತಿದ್ದಾನೆ. ನಡುವೆ ಮಾತ್ರ ಕಂಬಿ, ಕೋಳಿಗೂಡಿನ ತಂತಿಬಲೆ. ಹೊಟ್ಟೆಯ ಜಾಗ ಬರಿದು.

ಮೊನ್ನೆ ಊಟಕ್ಕೆ ಕೂತಾಗ, ಬಾಯಲ್ಲಿ ಬೀನ್ಸ್ ಕಾಳು ಇಟ್ಟುಕೊಂಡೇ ಕೇಳಿದ: "ವೆರ್ನಾ, ಹೊಕ್ಕುಳು ಇಡ್ಲೋ ಬೇಡ್ವೋ?"

"ಯಾರಿಗೆ?"

"ಕೊನೇದಕ್ಕೆ."

ಬೇಡ ಅಂದೆ. ದೇವರು ಆದಾಮನನ್ನು ನೆಲದ ಮಣ್ಣಿನಿಂದ ಮಾಡಿ ಮೂಗಿಗೆ ಉಸಿರೂದಿದ. ಬಸುರಿಲ್ಲ, ಬಾಣಂತನವಿಲ್ಲ, ಹೊಕ್ಕುಳು ಎಲ್ಲಿಂದ ಬರಬೇಕು? ಅಪ್ಪ ಅಗಿದು ನುಂಗಿ ಹೇಳಿದ: "ನೀನೊಬ್ಬಳು ಹೇಳಿದ್ರೆ ಸಾಲ್ದು. ಅವನನ್ನೂ ಕೇಳು. ಇಬ್ರೂ ಸೇರಿ ಒಂದೇ ಮಾತು ಹೇಳಿ. ಅಲ್ಲೀವರೆಗೂ ಹೊಟ್ಟೆ ಮುಚ್ಚಲ್ಲ."

ಮೇ ಕೊನೆಯ ಭಾನುವಾರ ಗೋರಿಗಳಿಗೆ ಹೂವಿಡುವ ದಿನ. ಊರೆಲ್ಲ ಸ್ಮಶಾನಕ್ಕೆ ಬರುತ್ತದೆ, ಆಮೇಲೆ ನಮ್ಮ ತೋಟದಲ್ಲಿ ಊಟ. ಅಮ್ಮನ ಗೋರಿಗೆ ಕಲ್ಲಿದೆ, ಕಲ್ಲಿಗೆ ಅಕ್ಷರವಿಲ್ಲ. "ದೇವರ ಕೈಯಿಂದ ಬಂದಳು, ದೇವರ ಕೈಗೆ ಹೋದಳು" ಅಂತ ಕೆತ್ತಿಸೋಣ ಎಂದು ನಾನು, ಹೆಸರು ಮತ್ತು ಎರಡು ಇಸವಿ ಸಾಕು ಎಂದು ನೀನು. ಹೋದ ವರ್ಷ ಊರಿನವರು ಆ ಬೋಳು ಕಲ್ಲು ನೋಡಿ ಒಬ್ಬೊಬ್ಬರಾಗಿ ಕೆಮ್ಮಿದರು. ಈ ವರ್ಷ ಹೊಟ್ಟೆ ಬಿರಿದ ಆದಾಮನನ್ನೂ ನೋಡಿ ಕೆಮ್ಮುವುದು ಬೇಡ. "ಬೇಡ" ಅಂತ ಒಂದೇ ಪದ ಬರೆದು ಕಳಿಸು. ಕಾರ್ಡಿನಲ್ಲಿ ಹಿಡಿಯುತ್ತದೆ.

ಇಂತಿ, ಮಣ್ಣಿನಿಂದಾದ
ನಿನ್ನ ಅಕ್ಕ ವೆರ್ನಾ


ಸೇಂಟ್ ಲೂಯಿಸ್
9 ಮಾರ್ಚ್ 1981

ಅಕ್ಕಾ,

ಬೇಕು.

ಒಂದೇ ಪದ ಕೇಳಿದ್ದೆ, ಕೊಟ್ಟಿದ್ದೇನೆ. ಇನ್ನು ಉಳಿದ ಪದಗಳು ಉಚಿತ.

ಇಪ್ಪತ್ತಾರು ವರ್ಷದಿಂದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದೇನೆ. ನನ್ನ ಅಪ್ಪ ಹೆದ್ದಾರಿ ಪಕ್ಕ ನಿಲ್ಲಿಸಿರುವ ಟೈರನೊಸಾರಸ್‌ನ ಒಂದೊಂದು ಕೈಗೆ ಐದೈದು ಬೆರಳು. ಎರಡೇ ಇರಬೇಕು ಅಂದದ್ದಕ್ಕೆ ಅಪ್ಪ ತನ್ನ ಕೈ ತೋರಿಸಿ "ನಾನು ನೋಡಿಕೊಂಡು ಮಾಡಿದ್ದು ಇದನ್ನ" ಅಂದಿದ್ದ. ಸಹಿಸಿಕೊಂಡೆ. ಆದರೆ ಮನುಷ್ಯನ ಹೊಟ್ಟೆಯನ್ನು ಕುಂಬಳಕಾಯಿಯಂತೆ ನುಣ್ಣಗೆ ಬಿಟ್ಟರೆ ಸಹಿಸಲಾರೆ. ಮೊದಲ ಮನುಷ್ಯ ಅಂತ ಒಬ್ಬ ಇರಲೇ ಇಲ್ಲ, ಅಕ್ಕ. ಗುಹೆಯಲ್ಲಿ ಕೂತು ಕಲ್ಲು ಕೆತ್ತುತ್ತಿದ್ದವನಿಗೂ ಅಮ್ಮ ಇದ್ದಳು. ಆ ಅಮ್ಮನಿಗೂ ಅಮ್ಮ ಇದ್ದಳು. ಹೊಕ್ಕುಳು ಅಂದರೆ ಅದಕ್ಕೆ ಒತ್ತಿದ ಮುದ್ರೆ. ಅಳಿಸಲು ನೀನು ಯಾರು?

ಅಮ್ಮನ ತಿಥಿಯೂಟದ ದಿನ ಪಾದ್ರಿಗಳು ಭೂಮಿಗೆ ಆರು ಸಾವಿರ ವರ್ಷ ಅಂದಾಗ ನಾನು ಸೊನ್ನೆಗಳು ಕಡಿಮೆಯಾದವು ಅಂದೆ. ಅಷ್ಟಕ್ಕೆ ನೀನು ನನ್ನ ಪಾಲಿನ ಪೀಚ್ ಕಡುಬನ್ನು ಕಾಗದದಲ್ಲಿ ಕಟ್ಟಿ ಕೈಗಿಟ್ಟು ಬಾಗಿಲು ತೋರಿಸಿದೆ. ಕಡುಬು ಚೆನ್ನಾಗಿತ್ತು. ಅದನ್ನು ಹೇಳಲು ಇವತ್ತಿನವರೆಗೂ ಸಂದರ್ಭ ಸಿಕ್ಕಿರಲಿಲ್ಲ.

ಅಪ್ಪನ ಎದೆಯ ಸದ್ದು ಎಂಥದ್ದು? ಅದಕ್ಕೆ ಅರ್ಧ ಸಾಲು ಕೊಟ್ಟಿದ್ದೀಯ, ಹೊಕ್ಕುಳಿಗೆ ಎರಡು ಪುಟ.

ಇಂತಿ, ವಾನರರ ದೂರದ ನೆಂಟ
ಹೋಯ್ಟ್


ಪೈನಿ ಗ್ಯಾಪ್
16 ಮಾರ್ಚ್ 1981

ದೂರದ ನೆಂಟರೆ,

ನಿನ್ನ ಕಾಗದವನ್ನು ಅಪ್ಪನಿಗೆ ಜೋರಾಗಿ ಓದಿದೆ. ಕುಂಬಳಕಾಯಿ ಬಂದಾಗ ನಕ್ಕ. ಬೆರಳು ಬಂದಾಗ ನಗಲಿಲ್ಲ. "ಒಂದೇ ಮಾತು ಆಗ್ಲಿಲ್ವಲ್ಲ" ಎಂದು ಎದ್ದುಹೋದ.

ಅವನಿಗೂ ಅಮ್ಮ, ಅವಳಿಗೂ ಅಮ್ಮ, ಒಪ್ಪಿದೆ. ಹೀಗೆ ಹಿಂದಕ್ಕೆ ಹೋಗುತ್ತ ಹೋಗುತ್ತ ಒಂದು ಕಡೆ ಯಾವುದೋ ಅಮ್ಮನಿಗೆ ಬಾಲ ಬರುತ್ತದಲ್ಲ, ಆ ಬಾಲ ಯಾವ ಬುಧವಾರ ಉದುರಿತು ಸ್ವಲ್ಪ ಹೇಳು. ಬಾಲ ಹೋಗಲಿ, ಬುದ್ಧಿ ಯಾವತ್ತು ಬಂತು? ನಮ್ಮ ಕೊಟ್ಟಿಗೆಯ ಬೆಕ್ಕುಗಳಿಗೂ ತಲೆತಲಾಂತರದಿಂದ ಅಮ್ಮಂದಿರಿದ್ದಾರೆ. ಒಂದು ಬೆಕ್ಕಾದರೂ ಚಾವಣಿ ನೋಡಿ "ನಾನೆಲ್ಲಿಂದ ಬಂದೆ" ಅಂತ ಕೇಳಿದ್ದುಂಟೇ? ಹಾಲೆಲ್ಲಿ ಅಂತ ಕೇಳುತ್ತದೆ. ಹಾಲು ಕೊಟ್ಟರೆ ಅದರ ತತ್ತ್ವಶಾಸ್ತ್ರ ಮುಗಿಯಿತು. ಮನುಷ್ಯನಿಗೆ ಮಾತ್ರ ಹೊಟ್ಟೆ ತುಂಬಿದ ಮೇಲೆ ತಲೆ ಹಸಿಯುತ್ತದೆ. ಆ ಹಸಿವನ್ನು ಯಾರಾದರೂ ಊದಿ ಒಳಗಿಟ್ಟಿರಬೇಕು, ತಾನಾಗಿ ಬರುವಂಥದ್ದಲ್ಲ. ಭಾನುವಾರದ ಪಾಠಕ್ಕೆ ಬರುವ ಏಳು ವರ್ಷದ ಮಕ್ಕಳಿಗೆ ಇದು ತಿಳಿಯುತ್ತದೆ, ಅವರಿಗೆ ಪಿಂಚಣಿಯ ಯೋಚನೆ ಇಲ್ಲದಿರುವುದರಿಂದ.

ಎದೆಯ ಸದ್ದು ಎಂಥದ್ದು ಅಂತ ಡಾಕ್ಟರು ನನಗೆ ಹೇಳಲಿಲ್ಲ, ಅಪ್ಪನಿಗೆ ಹೇಳಿದರು. ಅಪ್ಪ ನನಗೆ "ಇಪ್ಪತ್ತು ಪೌಂಡಿಗಿಂತ ಹೆಚ್ಚು ಎತ್ತಬಾರದಂತೆ" ಅಂದ. ಸಿಮೆಂಟಿನ ಚೀಲ ತೊಂಬತ್ನಾಲ್ಕು ಪೌಂಡು, ಹೇಗೆ ಎತ್ತುತ್ತೀಯ ಅಂದರೆ, "ಐದು ಸಲ ಎತ್ತುತೀನಿ, ಒಂದೊಂದ್ಸಲಕ್ಕೆ ಇಪ್ಪತ್ತೂ ಬರಲ್ಲ" ಅನ್ನುತ್ತಾನೆ. ಇವನ ಹತ್ತಿರ ಲೆಕ್ಕ ಕಲಿತದ್ದಕ್ಕೇ ನಿನಗೆ ಅಷ್ಟೊಂದು ಸೊನ್ನೆ.

ಕಡುಬಿಗೆ ಜಾಯಿಕಾಯಿ ಜಾಸ್ತಿಯಾಗಿತ್ತು. ಚೆನ್ನಾಗಿತ್ತು ಅನ್ನಬೇಡ.

ಇಂತಿ, ಉಸಿರೂದಿಸಿಕೊಂಡ
ವೆರ್ನಾ


ಸೇಂಟ್ ಲೂಯಿಸ್
25 ಮಾರ್ಚ್ 1981

ಅಕ್ಕಾ,

ನಿಮ್ಮ ರಾಜ್ಯದ ಸುದ್ದಿ ನಮ್ಮ ಪತ್ರಿಕೆಯ ಮುಖಪುಟಕ್ಕೆ ಬಂತು. ಶಾಲೆಯಲ್ಲಿ ಸೃಷ್ಟಿ, ವಿಕಾಸ ಎರಡನ್ನೂ ಸಮಸಮ ಕಲಿಸಬೇಕು ಅಂತ ಲಿಟಲ್ ರಾಕ್‌ನಲ್ಲಿ ಕಾನೂನು ಮಾಡಿದ್ದಾರಂತೆ. ಸಹೋದ್ಯೋಗಿಗಳು ನನ್ನನ್ನು ನೋಡಿ ನಕ್ಕರು. ನಮ್ಮಪ್ಪನ ತೋಟದಲ್ಲಿ ಈ ಕಾನೂನು ಇಪ್ಪತ್ತು ವರ್ಷದಿಂದ ಜಾರಿಯಲ್ಲಿದೆ ಅಂದೆ. ಪ್ರತಿ ಪ್ರಾಣಿಯ ಮುಂದೆಯೂ ಅದೇ ಫಲಕ: "ಬಹಳ ಹಿಂದೆ. ಹತ್ತಬೇಡಿ." ಕೋಟಿ ವರ್ಷದವನೂ ಓದಿ ತಲೆಯಾಡಿಸುತ್ತಾನೆ, ಆರು ಸಾವಿರದವನೂ ತಲೆಯಾಡಿಸುತ್ತಾನೆ. ಇಬ್ಬರ ಮಕ್ಕಳೂ ಹತ್ತುತ್ತಾರೆ.

ಯಾವ ಬುಧವಾರ ಅಂತ ಕೇಳಿದೆಯಲ್ಲ. ಬೆಳಗಾಗುವುದನ್ನು ನೋಡಿದ್ದೀಯಲ್ಲ? ಅಮ್ಮ ನಮ್ಮಿಬ್ಬರನ್ನೂ ಹಾಲು ಕರೆಯಲು ಎಬ್ಬಿಸಿದಾಗ ಕತ್ತಲೆ. ಬಕೆಟ್ಟು ತುಂಬುವ ಹೊತ್ತಿಗೆ ಬೆಳಕು. ಯಾವ ನಿಮಿಷಕ್ಕೆ ಬೆಳಗಾಯಿತು ಅಂತ ಬೊಟ್ಟು ಇಟ್ಟು ತೋರಿಸು ನೋಡೋಣ. ತೋರಿಸಲಾಗದು. ಹಾಗಂತ ಬೆಳಗಾಗಲಿಲ್ಲ ಅಂತಲ್ಲ. ಬುದ್ಧಿ ಬಂದದ್ದು ಹಾಗೆ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ತಲೆಬುರುಡೆ ಎಷ್ಟು ಹಿಗ್ಗಿತು ಅಂತ ನಾನು ಅಳೆದು ಹೇಳಬಲ್ಲೆ. ಆದರೆ ಅದರೊಳಗಿನ ಮಾಂಸದ ಮುದ್ದೆಗೆ "ನಾನು" ಅನ್ನುವುದು ಹೇಗೆ ಹೊಳೆಯಿತು ಅಂತ ನಮ್ಮ ವಿಭಾಗದಲ್ಲಿ ಯಾರಿಗೂ ಗೊತ್ತಿಲ್ಲ. ವಿಭಾಗದ ಸಭೆಗೆ ಬಂದು ಕೂತರೆ, ಹೊಳೆದಿದೆಯೋ ಇಲ್ಲವೋ ಅನ್ನುವುದೇ ಅನುಮಾನ. ಇದನ್ನು ಹಿಡಿದುಕೊಂಡು ಕುಣಿಯಬೇಡ. ಗೊತ್ತಿಲ್ಲ ಅಂದರೆ ಇನ್ನೂ ಗೊತ್ತಿಲ್ಲ ಅಂತ, ಆದಾಮ ಅಂತಲ್ಲ.

ಇಂತಿ, ಹೊಕ್ಕುಳುಳ್ಳ
ಹೋಯ್ಟ್


ಪೈನಿ ಗ್ಯಾಪ್
23 ಏಪ್ರಿಲ್ 1981

ಹೋಯ್ಟ್,

ಕುಣಿದೆ. ಈಸ್ಟರ್ ಪ್ರಾರ್ಥನೆಯ ಬಳಿಕ ನಿನ್ನ ಕಾಗದದ "ಯಾರಿಗೂ ಗೊತ್ತಿಲ್ಲ" ಎಂಬ ಸಾಲನ್ನು ಪಾದ್ರಿ ಬ್ರದರ್ ಡೆಲ್ಮಸ್ ಅವರಿಗೆ ಓದಿ ತೋರಿಸಿದೆ. ಅಲ್ಲೇ ಎಡವಟ್ಟಾಯಿತು. ಅಪ್ಪ ಆದಾಮನನ್ನು ಮಾಡುತ್ತಿರುವುದು ಅಲ್ಲೀವರೆಗೆ ಪಾದ್ರಿಗಳಿಗೆ ತಿಳಿದಿರಲಿಲ್ಲ. ಅವರ ಮುಖ ಕೆಂಪಾಯಿತು. "ಸಿಸ್ಟರ್ ವೆರ್ನಾ, ಹೊಕ್ಕುಳು ಆಮೇಲಿನ ಮಾತು. ಅದರ ಕೆಳಗೆ?"

ಮಂಗಳವಾರ ಚರ್ಚಿನ ಹೆಂಗಸರ ಸಮಿತಿ ಅಳತೆಪಟ್ಟಿ ಹಿಡಿದು ಬಂತು, ಆದಾಮನ ಮಾನ ಮುಚ್ಚುವ ಎಲೆ ಎಷ್ಟು ದೊಡ್ಡದಿರಬೇಕು ಅಂತ ತೀರ್ಮಾನಿಸಲು. ಶೆಡ್ಡಿನ ಚಿಲಕ ಅಪ್ಪ ತೆಗೆಯಲಿಲ್ಲ. ಬಾಗಿಲ ಆಚೆಯಿಂದಲೇ ಸಭೆ. ಒಬ್ಬರು ಅಂಗೈ ಅಗಲ ಸಾಕು ಅಂದರು. ಇನ್ನೊಬ್ಬರು ಗಾಳಿಗೆ ಸರಿದರೆ ಅಂದರು. ಸಿಮೆಂಟಿನ ಎಲೆ ಯಾವ ಗಾಳಿಗೆ ಸರಿಯುತ್ತದೋ! ಕೊನೆಗೆ ಎದೆಯಿಂದ ಮೊಣಕಾಲಿನವರೆಗೆ ಒಂದೇ ಎಲೆ ಇರಲಿ, ಹೊಕ್ಕುಳಿನ ಜಗಳವೂ ಅದರಡಿ ಹೋಗುತ್ತದೆ ಅಂತ ಠರಾವಾಯಿತು.

ಒಳಗಿನಿಂದ ಅಪ್ಪ ಕೂಗಿದ: "ನಾನು ಎಲೆಕೋಸು ಮಾಡ್ತಿಲ್ಲ ಕಣ್ರಮ್ಮ!"

ಬ್ರದರ್ ಡೆಲ್ಮಸ್ ಸಮಾಧಾನ ಮಾಡಲು ಹೋದರು. "ಬ್ರದರ್ ಗಾರ್ಲಂಡ್, ಹೊಕ್ಕುಳಿಟ್ಟರೆ ಇಲ್ಲದ ತಾಯಿಯ ಗುರುತನ್ನು ದೇವರೇ ಇಟ್ಟಂತಾಗುತ್ತೆ. ದೇವರು ಸುಳ್ಳು ಹೇಳ್ತಾನೆಯೆ?"

"ಹಾಗಾದ್ರೆ ಏದೆನ್ ತೋಟದ ಮರ ಕಡಿದಿದ್ರೆ ಒಳಗೆ ವರ್ಷದ ಉಂಗುರ ಇರ್ತಿತ್ತೋ ಇಲ್ವೋ?" ಎಂದು ಅಪ್ಪ ಒಳಗಿನಿಂದ.

ಪಾದ್ರಿಗಳು ಗಡಿಯಾರ ನೋಡಿಕೊಂಡರು. ನಾನು ಅಪ್ಪನ ಮೇಲೆ ರೇಗಿದೆ. ರೇಗಿದ್ದು ಯಾಕೆಂದರೆ, ಆವತ್ತಿನಿಂದ ನನಗೂ ಆ ಉಂಗುರಗಳ ಯೋಚನೆ ಹತ್ತಿದೆ. ಇದನ್ನು ನೀನು ಯಾರಿಗೂ ಓದಿ ತೋರಿಸಬೇಡ.

ಇನ್ನು ಆರು ವಾರವೂ ಇಲ್ಲ. "ಬೇಡ" ಅಂದುಬಿಡು, ನಿನಗೇನು ಹೋಗುತ್ತದೆ?

ಇಂತಿ,
ವೆರ್ನಾ


ಸೇಂಟ್ ಲೂಯಿಸ್
27 ಏಪ್ರಿಲ್ 1981

ಅಕ್ಕಾ,

ನನಗೇನು ಹೋಗುತ್ತದೆ? ಇಪ್ಪತ್ತಾರು ವರ್ಷ ಹೋಗುತ್ತದೆ.

ಪರೀಕ್ಷೆಯ ಉತ್ತರಪತ್ರಿಕೆಗಳ ಗುಡ್ಡೆಯ ನಡುವೆ ಕೂತು ಬರೆಯುತ್ತಿದ್ದೇನೆ. ಒಬ್ಬ ಹುಡುಗ "ಮನುಷ್ಯನ ಮೆದುಳು ದೊಡ್ಡದಾಗಲು ಕಾರಣ ಟೋಪಿ" ಅಂತ ಬರೆದಿದ್ದಾನೆ. ಇವನಿಗೆ ಅಂಕ ಕಳೆದು, ಆದಾಮನಿಗೆ ಹೊಕ್ಕುಳು ಕಳೆದು, ಆಮೇಲೆ ಕನ್ನಡಿ ಹೇಗೆ ನೋಡಿಕೊಳ್ಳಲಿ? ಬೇಕಾದರೆ ಅರ್ಧ ಹೊಕ್ಕುಳಿಡಲಿ. ಒಂದು ಕಡೆಯಿಂದ ನೋಡಿದರೆ ಇದೆ, ಇನ್ನೊಂದು ಕಡೆಯಿಂದ ನೋಡಿದರೆ ಇಲ್ಲ. ಮುಂದೆ ಫಲಕ: "ಬಹಳ ಹಿಂದೆ. ಮುಟ್ಟಬೇಡಿ."

ಹೂವಿಡುವ ಭಾನುವಾರಕ್ಕೆ ಬರುವುದು ಆಗಲಿಕ್ಕಿಲ್ಲ. ಬೋಳು ಕಲ್ಲಿನ ಮುಂದೆ ಹೂ ಹಿಡಿದು ನಿಲ್ಲುವುದು ನನಗೂ ಕಷ್ಟ. ಹೋದ ವರ್ಷ ಗುಂಪಿನ ಹಿಂದೆ ನಾನೂ ನಿಂತಿದ್ದೆ. ಜನ ಕೆಮ್ಮುವುದು ನಿನ್ನೊಬ್ಬಳಿಗೇ ಕೇಳಿಸಿತ್ತು ಅಂದುಕೊಂಡೆಯಾ?

ಇಂತಿ,
ಹೋಯ್ಟ್


ಪೈನಿ ಗ್ಯಾಪ್
11 ಮೇ 1981

ತಮ್ಮಾ,

ಅಪ್ಪ ಬಿದ್ದ.

ಗಾಬರಿಯಾಗಬೇಡ, ಎದ್ದಿದ್ದಾನೆ. ಶನಿವಾರ ಸಂಜೆ ಊಟಕ್ಕೆ ಕರೆದೆ, ಉತ್ತರ ಬರಲಿಲ್ಲ. ಶೆಡ್ಡಿನ ಎರಡು ಹಲಗೆ ಕಿತ್ತು ಕೈ ತೂರಿಸಿ ಚಿಲಕ ತೆಗೆದೆ. ನೆಲದ ಮೇಲೆ ಕೂತು ಗೋಣಿಚೀಲಕ್ಕೆ ಒರಗಿದ್ದ. "ಕೂತ್ಕೊಂಡಿದೀನಿ ಅಷ್ಟೇ" ಅಂದ. ತುಟಿ ನೀಲಿಯಾಗಿತ್ತು. ಎಬ್ಬಿಸಿ ಕರೆತರುವ ಗಡಿಬಿಡಿಯಲ್ಲಿ ಆದಾಮನ ಕಡೆ ನೋಡಲೂ ಇಲ್ಲ. ಡಾಕ್ಟರು ಬಂದು ಮಾತ್ರೆ ಬದಲಿಸಿದರು, ನನ್ನನ್ನು ವರಾಂಡಕ್ಕೆ ಕರೆದು ಒಂದು ಮಾತು ಹೇಳಿದರು. ಅದನ್ನು ಇಲ್ಲಿ ಬರೆಯಲಾರೆ.

ಮಂಚದ ಮೇಲಿಂದಲೇ ಕೇಳುತ್ತಾನೆ: "ಅವನೇನಂದ?"

ಹೊಕ್ಕುಳು ಇರಲಿ, ಹೋಯ್ಟ್. ನೀನು ಹೇಳಿದಂತೆಯೇ ಆಗಲಿ. ದೇವರಿಗೆ ಮರದೊಳಗೆ ಉಂಗುರ ಇಡಲು ಬಂದಿದ್ದರೆ, ಆದಾಮನ ಹೊಟ್ಟೆಯಲ್ಲಿ ಒಂದು ಗುಳಿ ಇಡುವುದು ಎಷ್ಟರದ್ದು? ನನ್ನ ಮಾತು ಹೆಚ್ಚಾಗಿದ್ದರೆ ಹೊಟ್ಟೆಗೆ ಹಾಕಿಕೋ. ಈ ಎರಡು ತಿಂಗಳಲ್ಲಿ ಹೊಟ್ಟೆಯಿಂದ ಒಂದಾದರೂ ಪ್ರಯೋಜನವಾಗಲಿ.

ನಿನ್ನ ಅಕ್ಕ
ವೆರ್ನಾ


ಸೇಂಟ್ ಲೂಯಿಸ್
11 ಮೇ 1981

ಅಕ್ಕಾ,

ನಿನ್ನೆ ಅಪ್ಪ ಫೋನ್ ಮಾಡಿದ. ನನ್ನ ಜನ್ಮದಲ್ಲಿ ಅಪ್ಪ ತಾನಾಗಿ ಫೋನ್ ಮಾಡಿದ್ದು ಇದೇ ಮೊದಲು. ಅಲ್ಲಿ ಮಳೆಯಾ ಅಂತ ಕೇಳಿದ. ಇಲ್ಲ ಅಂದೆ. ಇಲ್ಲೂ ಇಲ್ಲ ಅಂದ. ಆಮೇಲೆ ಸುಮ್ಮನೆ ಉಸಿರಾಡುವುದು ಕೇಳಿಸುತ್ತಿತ್ತು. ಆ ಉಸಿರನ್ನು ಕೇಳಿ ನನಗೆ ಎಲ್ಲ ತಿಳಿಯಿತು. ನೀನು ಹಿತ್ತಲಿನಲ್ಲಿದ್ದೆಯಂತೆ.

ಹೊಕ್ಕುಳು ಬೇಡ. ನುಣ್ಣಗೇ ಇರಲಿ. ಅಷ್ಟು ವರ್ಷ ಐದು ಬೆರಳಿನ ಟೈರನೊಸಾರಸ್ ಜೊತೆ ಬಾಳಿದವನಿಗೆ ಹೊಕ್ಕುಳಿಲ್ಲದ ಮನುಷ್ಯನೊಬ್ಬ ಭಾರವೇ? ಅಪ್ಪನಿಗೆ ಹೇಳಿಬಿಡು, ಮಗನದೂ ಮಗಳದೂ ಒಂದೇ ಮಾತು. ಬೇಗ ಮುಗಿಸಲಿ, ಬೇಗ ಮಲಗಲಿ.

ನಿನ್ನ ತಮ್ಮ
ಹೋಯ್ಟ್


ಪೈನಿ ಗ್ಯಾಪ್
16 ಮೇ 1981

ಹೋಯ್ಟ್ ಟ್ಯಾಕೆಟ್,

ನಮ್ಮ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿಹೋಗಿವೆ, ಒಂದಕ್ಕೊಂದು ನಮಸ್ಕಾರವನ್ನೂ ಹೇಳದೆ. ನಾನು ಬೇಕು ಅಂದೆ, ನೀನು ಬೇಡ ಅಂದೆ. ಹುಟ್ಟಿದಾಗಿನಿಂದ ನನ್ನ ಮಾತಿಗೆ ಎದುರಾಡಿದ್ದೀಯ, ಸೋಲುವಾಗಲೂ ಎದುರಾಡಬೇಕೆ?

ಎರಡನ್ನೂ ಅಪ್ಪನಿಗೆ ಓದಿದೆ. ದಿಂಬಿಗೆ ಒರಗಿಕೊಂಡೇ ಎರಡು ಬೆರಳು ಎತ್ತಿ ಎಣಿಸಿದ. "ಇವಳು ಬೇಕು, ಅವನು ಬೇಡ. ಒಂದೇ ಮಾತು ಆಗ್ಲಿಲ್ಲ" ಅಂದ. ಮುಖದ ಮೇಲೆ ನಗುವಿನಂಥದ್ದೇನೋ ಇತ್ತು. ಮಾತ್ರೆಯಿಂದಲೋ ಏನೋ.

ನನಗೆ ಸಾಕಾಗಿ ಹೋಗಿದೆ. ನೀನೇ ಬಂದು ಅವನೆದುರು ನಿಂತು ಏನಾದರೊಂದು ಹೇಳು. ಮೇಲಿನ ಕೋಣೆಯಲ್ಲಿ ಹಾಸಿಗೆ ಹಾಕಿದ್ದೇನೆ. ಪೀಚ್ ಇನ್ನೂ ಬಂದಿಲ್ಲ, ಡಬ್ಬಿಯದ್ದರಲ್ಲೇ ಕಡುಬು ಮಾಡುತ್ತೇನೆ. ಜಾಯಿಕಾಯಿ ಕಡಿಮೆ ಹಾಕುತ್ತೇನೆ. ಈ ಸಲ ಕಾಗದದಲ್ಲಿ ಕಟ್ಟುವುದಿಲ್ಲ.

ವೆರ್ನಾ


ಸೇಂಟ್ ಲೂಯಿಸ್
3 ಜೂನ್ 1981

ಅಕ್ಕಾ,

ಬಸ್ಸು ಹತ್ತಿಸುವಾಗ ಕೇಳಿದೆಯಲ್ಲ, ಶನಿವಾರ ಬೆಳಗ್ಗೆ ಶೆಡ್ಡಿನೊಳಗೆ ಏನಾಯಿತು ಅಂತ. ಅಲ್ಲಿ ಹೇಳಲು ಹೊರಟಾಗ ಬಸ್ಸೂ ಹೊರಟಿತು, ಅದಕ್ಕೆ ಮೊದಲು ಹೇಳುವಂತಿರಲಿಲ್ಲ. ಭಾನುವಾರದವರೆಗೆ ನಿನಗೆ ಹೇಳಬಾರದು ಅಂತ ಅಪ್ಪ ಬೈಬಲಿನ ಮೇಲೆ ಕೈ ಇಡಿಸಿಕೊಂಡಿದ್ದ. ನಾನು ಬೈಬಲಿಗೆ ಹೆದರುವವನಲ್ಲ, ಅಪ್ಪನಿಗೆ ಹೆದರುವವನು.

ನೀನಿನ್ನೂ ಮಲಗಿದ್ದೆ. ಅಪ್ಪ ನನ್ನ ಕಾಲು ಅಲ್ಲಾಡಿಸಿ ಎಬ್ಬಿಸಿದ, ಹಾಲು ಕರೆಯಲು ಅಮ್ಮ ಎಬ್ಬಿಸುತ್ತಿದ್ದ ಹಾಗೆ. ಶೆಡ್ಡಿಗೆ ಹೋದೆವು. ಸಿಮೆಂಟು ನಾನು ಕಲಸಿದೆ. ಅವನು ಬಕೆಟ್ಟಿನ ಮೇಲೆ ಕೂತು ನೀರು ಹೆಚ್ಚಾಯಿತು, ಕಡಿಮೆಯಾಯಿತು ಅಂತ ನನ್ನನ್ನು ಬೈದ. ಆಮೇಲೆ "ಗೋಣಿ ತೆಗಿ" ಅಂದ. ಕೆಳಗಿನಿಂದ ಶುರುಮಾಡಿದೆ. ಬರಿಗಾಲು ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಲೇಸು ಕಟ್ಟಿದ ಶೂ. ಅದರ ಮೇಲೆ ಲಂಗದ ಅಂಚು. ಮೇಲಿನ ಗೋಣಿ ತೆಗೆದಾಗ ಕನ್ನಡಕ, ತುರುಬು, ಎತ್ತಿ ಹಿಡಿದ ಮರದ ಸೌಟು.

"ಅಪ್ಪಾ, ಇದು ಅಮ್ಮ."

"ಪರವಾಗಿಲ್ಲ, ಕಣ್ಣು ಚೆನ್ನಾಗೇ ಇದೆ ನಿಂಗೆ."

"ಆದಾಮ ಎಲ್ಲಿ?"

"ಆದಾಮ ಅಂತ ಅವಳು ಅಂದ್ಲು. ಗುಹೆಯವನು ಅಂತ ನೀನಂದೆ. ನಾನೆಲ್ಲಿ ಅಂದೆ? ಬುದ್ಧಿ ಇರೋ ಮೊದಲನೇ ಜೀವಿ ಅಂದೆ. ನಾನು ಕಂಡಿದ್ದು ಇವಳನ್ನೇ."

ಯೋಚಿಸು ಅಕ್ಕ. ಮೂರು ತಿಂಗಳ ಜಗಳದಲ್ಲಿ ಧರ್ಮಕ್ಕೂ ವಿಜ್ಞಾನಕ್ಕೂ ಒಂದೇ ಒಂದು ವಿಷಯದಲ್ಲಿ ಒಮ್ಮತವಿತ್ತು, ಅದು ಗಂಡಸು ಅನ್ನುವುದರಲ್ಲಿ. ಅದೇ ತಪ್ಪಾಗಿತ್ತು.

ನಾನು ಖಾಲಿ ಹೊಟ್ಟೆಯ ಕಡೆ ಕೈ ತೋರಿಸಿದೆ. "ಇಲ್ಲೇನು ಬರುತ್ತೆ?"

"ಏಪ್ರನ್ನು. ಅವಳು ಏಪ್ರನ್ ಇಲ್ದೆ ಯಾವತ್ತು ನಿಂತಿದ್ಲು?"

"ಏಪ್ರನ್ ಬಂದ್ರೆ ಹೊಕ್ಕುಳು ಕಾಣೋದೇ ಇಲ್ವಲ್ಲ!"

"ಕಾಣಲ್ಲ."

"ಅಪ್ಪಾ, ಮೂರು ತಿಂಗಳು! ಆ ಹೊಕ್ಕುಳಿಗೋಸ್ಕರ ನಾವಿಬ್ರೂ ಕಾಗದದ ಮೇಲೆ ಕಾಗದ..."

"ಐವತ್ತೇಳು ವರ್ಷ ಸಂಸಾರ ಮಾಡಿದೀನಿ. ಅವಳ ಹೊಕ್ಕುಳಿನ ವಿಷಯ ನಿಮ್ಮನ್ನ ಕೇಳ್ಬೇಕೇನೋ ನಾನು?"

"ಮತ್ಯಾಕೆ ಕೇಳಿದೆ?"

ಅಪ್ಪ ನನ್ನ ಮುಖ ನೋಡಲಿಲ್ಲ, ಬಾಣಲಿ ನೋಡಿದ. "ಮಾಲು ಗಟ್ಟಿಯಾಗ್ತಿದೆ. ಬಾಯಿ ಮುಚ್ಕೊಂಡು ಹಚ್ಚು."

ಹಚ್ಚಿದೆ. ಅವನು ಹೇಳಿದ ಕಡೆ ನೆರಿಗೆ ತೀಡಿದೆ, ಜೇಬು ಮಾಡಿದೆ. ತಲೆಯೆತ್ತಿ ನೋಡಿದಾಗ ಹಲಗೆಗಳ ಸಂದಿಯಲ್ಲೆಲ್ಲ ಬಿಸಿಲು. ಯಾವಾಗ ಬೆಳಗಾಯಿತೋ ನನಗೆ ಗೊತ್ತೇ ಆಗಲಿಲ್ಲ.

ಕಲ್ಲಿಗೆ ನಿನ್ನ ಸಾಲೇ ಇರಲಿ. ದೇವರ ಕೈಯಿಂದ ಬಂದಳು, ದೇವರ ಕೈಗೆ ಹೋದಳು. ಕೆತ್ತಿಸಿಬಿಡು.

ನಿನ್ನ ತಮ್ಮ
ಹೋಯ್ಟ್


ಪೈನಿ ಗ್ಯಾಪ್
10 ಜೂನ್ 1981

ಹೋಯ್ಟ್,

ಏಪ್ರನ್ನಿನ ಗಂಟು ತಪ್ಪಾಗಿದೆ. ಅಮ್ಮ ಎಡಕ್ಕೆ ಕಟ್ಟುತ್ತಿದ್ದಳು, ನೀವಿಬ್ಬರೂ ಸೇರಿ ಬಲಕ್ಕೆ ಕಟ್ಟಿದ್ದೀರಿ. ಊರೆಲ್ಲ ಕೋಳಿ ತೊಡೆ ಕಡಿಯುತ್ತ ನಿಂತಿರುವಾಗ ಶೆಡ್ಡಿನ ಹಲಗೆಗಳು ಬಿದ್ದು, ಅಮ್ಮ ಸೌಟು ಎತ್ತಿಕೊಂಡು ಟೈರನೊಸಾರಸ್ಸನ್ನು ಗದರಿಸುತ್ತ ನಿಂತದ್ದು ಕಂಡಾಗ, ನಾನು ಮಾತಾಡದೆ ಹಿಂದಕ್ಕೆ ಹೋದೆನಲ್ಲ, ಎಲ್ಲರೂ ನಾನು ಅಳಲು ಹೋದೆ ಅಂದುಕೊಂಡರು. ನಾನು ಗಂಟು ನೋಡಲು ಹೋದದ್ದು. ಆಮೇಲೆ ಅತ್ತದ್ದು ಬೇರೆ ವಿಷಯ.

ನೀನು ಹೊರಟ ಮೇಲಿನ ಸುದ್ದಿ. ಹೆಂಗಸರ ಸಮಿತಿಯವರು ಬಟ್ಟೆಯಲ್ಲಿ ಹೊಲಿದು ತಂದಿದ್ದ ಎಲೆಯನ್ನು ಮೇಜಿನ ಮೇಲೆ ಹಾಸಿ ಅದರ ಮೇಲೆ ಆಲೂಗಡ್ಡೆ ಪಲ್ಯ ಇಟ್ಟರು. ಬ್ರದರ್ ಡೆಲ್ಮಸ್ ಸೋಮವಾರ ಮತ್ತೆ ಬಂದು ಅಮ್ಮನ ಸುತ್ತ ಒಂದು ಸುತ್ತು ಹಾಕಿದರು. "ಬ್ರದರ್ ಗಾರ್ಲಂಡ್, ಹಾಗಾದರೆ ಇದು ಹವ್ವಳೋ?"

"ಅಲ್ಲ," ಅಂದ ಅಪ್ಪ. "ಒಪಲ್."

ನಿನ್ನೆ ಫಲಕ ನೆಟ್ಟ. ನೀನು ನೋಡಿಲ್ಲವಾದ್ದರಿಂದ ಇದ್ದದ್ದು ಇದ್ದಂತೆ ಇಳಿಸುತ್ತೇನೆ:

"ಒಪಲ್ ಟ್ಯಾಕೆಟ್. ಬುದ್ಧಿ ಇದ್ದ ಮೊದಲ ಜೀವಿ. ಇತ್ತೀಚೆಗೆ. ಮುಟ್ಟಬಹುದು."

ಬಸ್ಸಿನಲ್ಲಿ ಬಂದ ಅಪರಿಚಿತರು ಕೂಡ ಮುಟ್ಟುತ್ತಾರೆ. ಏಪ್ರನ್ನಿನ ಜೇಬು ಆಗಲೇ ಹೊಳೆಯಲು ಶುರುವಾಗಿದೆ. ಅದಕ್ಕೆ ಅರ್ಧ ಕಾರಣ ನಾನು.

ಅಪ್ಪ ನಮಗೆ ಮಾಡಿದ್ದನ್ನು ನಾನು ಕ್ಷಮಿಸಿಲ್ಲ. ನೀನೂ ಕ್ಷಮಿಸಬೇಡ. ಇದೊಂದರಲ್ಲಾದರೂ ಒಟ್ಟಿಗಿರೋಣ. ವರಾಂಡದಲ್ಲಿ ಕೂತು ನೆರಳಿನಲ್ಲಿ ತೂಕಡಿಸುತ್ತಾನೆ. ಡಾಕ್ಟರು ಬಂದರೆ "ಇವತ್ತು ಏನೂ ಎತ್ತಲಿಲ್ಲ" ಅಂತ ವರದಿ ಒಪ್ಪಿಸುತ್ತಾನೆ. ಸಂಜೆ ಐದಾದರೆ ಮಾತ್ರ ಅಂಚೆ ಬಂತಾ ಅಂತ ಕೇಳುತ್ತಾನೆ.

ಕಲ್ಲಿನ ವಿಷಯ. ಇದೇನು ಹೊಸ ರಗಳೆ? ನನ್ನ ಸಾಲು ಈಗ ಬೇಡ. ತೋಟದಲ್ಲಿ ಅಷ್ಟು ಹೇಳಿ ಆದ ಮೇಲೆ ಗೋರಿಯ ಮೇಲೆ ಹೇಳುವುದೇನಿದೆ? ನೀನು ಹೇಳಿದ್ದೇ ಸರಿ. ಹೆಸರು, ಎರಡು ಇಸವಿ. ಈ ಸಲವಾದರೂ ನನ್ನ ಮಾತು ಕೇಳಿ ನಿನ್ನ ಮಾತಿಗೆ ಒಪ್ಪು.

ಅಮ್ಮನ ಮಗಳು
ವೆರ್ನಾ


(ಕಾರ್ಡು)

ಪೈನಿ ಗ್ಯಾಪ್
11 ಜೂನ್ 1981

ಹೋಯ್ಟ್,

ಕಲ್ಲಿನ ಮೇಲೆ ಏನಿರಬೇಕು ಅಂತ ನೀನೂ ನಿನ್ನ ಅಕ್ಕನೂ ಸೇರಿ ಒಂದೇ ಮಾತು ಹೇಳಿ. ಅಲ್ಲೀವರೆಗೂ ಕೆತ್ತಿಸಲ್ಲ. ಅವಳಿಗೂ ಇದನ್ನೇ ಹೇಳಿದೀನಿ, ಬಾಗಿಲು ಬಡಿದುಕೊಂಡು ಹೋದಳು.

ನನಗೇನೂ ಅವಸರ ಇಲ್ಲ.

ಅಪ್ಪ